ಕೈ ತೊಳೆದವಳ ಮಾತು

ಆಸ್ಪತ್ರೆಯಲ್ಲಿದ್ದ ಹದಿನೇಳು ದಿನಗಳಲ್ಲಿ "ಕೈ ಸರಿ ತೊಳಕೊಂಡಿದ್ರೇನ್ರಿ?" ಎಂದು ನನ್ನನ್ನು ಯಾರು ಯಾರು ಕೇಳಿದರು ಎಂಬುದು ನನಗೆ ಚೆನ್ನಾಗಿ ನೆನಪಿದೆ. ಸಣ್ಣ ಡಾಕ್ಟರು ಕೇಳಿದರು. ರಕ್ತ ತೆಗೆಯಲು ಬಂದ ಹುಡುಗಿ ಕೇಳಿದಳು. ಪಕ್ಕದ ಹಾಸಿಗೆಯವಳನ್ನು ನೋಡಲು ಬಂದ ಅವಳ ಬೀಗತಿ ಕೇಳಿದಳು. ಮನೆಗೆ ಬಂದ ಮೇಲೆ ಹಾಲಿನವನೂ ಕೇಳಿದ. ಮನೆಯಲ್ಲೇ ಡಯಾಲಿಸಿಸ್ ಮಾಡಿಕೊಳ್ಳುವ ನನ್ನಂಥವರು ಓದಲಿ ಎಂದು ನಮ್ಮ ರೇಣುಕಾ ಸಿಸ್ಟರ್ ಇದನ್ನು ಬರೆಸುತ್ತಿದ್ದಾರೆ. ಓದಿದವರಿಗೆ ಧೈರ್ಯ ಬರುವ ಹಾಗೆ ಬರೆಯಿರಿ ಎಂದಿದ್ದಾರೆ. ನನಗೆ ಧೈರ್ಯ ಬಂದದ್ದು ಸಿಟ್ಟಿನಿಂದ, ಅದನ್ನು ಬಿಟ್ಟು ಬರೆದರೆ ಸುಳ್ಳಾಗುತ್ತದೆ.

ಗೋಪನಕೊಪ್ಪದಲ್ಲಿ ನಮ್ಮದೊಂದು ಖಾನಾವಳಿ ಇದೆ. ಮುಂದಿನ ದೊಡ್ಡ ಕೋಣೆಯಲ್ಲಿ ಆರು ಟೇಬಲ್ಲು, ಹಿಂದೆ ಅಡುಗೆಮನೆ, ಅದರ ಹಿಂದೆ ನಾವು ಗಂಡ ಹೆಂಡತಿ. ಮಕ್ಕಳಿಲ್ಲ. ಮಧ್ಯಾಹ್ನ ಅಂಗಡಿಯವರು, ಬ್ಯಾಂಕಿನವರು, ಮಾಸ್ತರರು ಬಂದು ಉಣ್ಣುತ್ತಾರೆ. ತಾರಿಹಾಳದ ಎರಡು ಕಾರ್ಖಾನೆಗಳಿಗೆ ಆಟೊದಲ್ಲಿ ಡಬ್ಬಿ ಹೋಗುತ್ತವೆ. ಇಪ್ಪತ್ತೆರಡು ವರ್ಷ ಆ ಒಲೆಯ ಮುಂದೆ ನಿಂತವಳು ನಾನು. ನನ್ನ ಎಣಗಾಯಿ ಪಲ್ಯ ತಿಂದು ಇನ್ನೊಂದು ರೊಟ್ಟಿ ಕೇಳದೆ ಎದ್ದವರನ್ನು ನಾನು ನೋಡಿಲ್ಲ. ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವೂ ಇಲ್ಲ.

ಬಿಪಿ ಏರಿ ಏರಿ ಕಿಡ್ನಿ ಕೈಕೊಟ್ಟಾಗ ದೊಡ್ಡ ಡಾಕ್ಟರು ಎರಡು ದಾರಿ ಹೇಳಿದರು. ವಾರಕ್ಕೆ ಮೂರು ಸಲ ಆಸ್ಪತ್ರೆಗೆ ಬಂದು ಯಂತ್ರಕ್ಕೆ ರಕ್ತ ಕೊಟ್ಟು ಕೂರುವುದು ಒಂದು. ಹೊಟ್ಟೆಗೆ ಒಂದು ಸಣ್ಣ ಪೈಪು ಹಾಕಿಸಿಕೊಂಡು, ದಿನಕ್ಕೆ ನಾಲ್ಕು ಸಲ ಮನೆಯಲ್ಲೇ ಔಷಧದ ನೀರಿನ ಚೀಲ ಏರಿಸಿ, ಹೊಲಸು ನೀರು ಇಳಿಸುವುದು ಇನ್ನೊಂದು. ಅವರು ಎರಡನೆಯದನ್ನು ಹೇಳಿ ಮುಗಿಸುವ ಮೊದಲೇ ನಾನು ಅದೇ ಇರಲಿ ಎಂದೆ. ವಾರಕ್ಕೆ ಮೂರು ದಿನ ಒಲೆ ಬಿಟ್ಟರೆ ಒಲೆ ಬೇರೆಯವರ ಕೈಗೆ ಹೋಗುತ್ತದೆ. ಹೋದ ಮೇಲೆ ತಿರುಗಿ ಸಿಗುವುದಿಲ್ಲ.

ಹೀಗೆ ಆ ಪೈಪು ನನ್ನ ಖಾನಾವಳಿಯ ಬೀಗದ ಕೈಯಾಯಿತು. ಹಿಂದಿನ ಕೋಣೆಯಲ್ಲಿ ಬಾಗಿಲು ಕಿಟಕಿ ಮುಚ್ಚಿ, ಫ್ಯಾನ್ ನಿಲ್ಲಿಸಿ, ಮೂಗುಬಾಯಿಗೆ ಮಾಸ್ಕ್ ಕಟ್ಟಿ, ಮೊಣಕೈವರೆಗೆ ಸಾಬೂನು ಹಚ್ಚಿ, ಗಡಿಯಾರ ನೋಡಿಕೊಂಡು ಕೈ ತೊಳೆಯುತ್ತಿದ್ದೆ. ಎರಡು ವರ್ಷ ಒಮ್ಮೆಯೂ ತಪ್ಪಿಸಿರಲಿಲ್ಲ. ಮದುವೆಯಾದಂದಿನಿಂದ ಕೈ ಖಾಲಿ ಬಿಡದೆ ಹಾಕಿಕೊಳ್ಳುತ್ತಿದ್ದ ಹಸಿರು ಬಳೆಗಳನ್ನು ಈ ಕೈ ತೊಳೆಯುವುದಕ್ಕಾಗಿಯೇ ಪೆಟ್ಟಿಗೆಗೆ ಸೇರಿಸಿದವಳು ನಾನು.

ಚೀಲವನ್ನು ಮೈಯ ಬಿಸಿಗೆ ತಂದು ಏರಿಸಬೇಕು, ಇಲ್ಲದಿದ್ದರೆ ಹೊಟ್ಟೆಯೊಳಗೆ ಹಿಮ ಹೊಕ್ಕಂತಾಗಿ ಹಲ್ಲು ಕಟಕಟಿಸುತ್ತವೆ. ಅದಕ್ಕೆಂದು ಆಸ್ಪತ್ರೆಯವರು ಹೇಳಿದಂತೆ ಒಂದು ಕರೆಂಟಿನ ಪ್ಯಾಡ್ ತಂದಿದ್ದೆವು. ಬೆಳಗಿನ ಮೊದಲ ಚೀಲವನ್ನು ಬೆಚ್ಚಗೆ ಮಾಡಿ ತಂದುಕೊಡುವ ಕೆಲಸ ನಮ್ಮ ಮನೆಯವರದು, ಉಳಿದವು ಹಗಲ ಬಿಸಿಲಿಗೇ ಬೆಚ್ಚಗಾಗುತ್ತಿದ್ದವು. ಖಾನಾವಳಿಗೆ ಮೊಸರು ಹೆಪ್ಪು ಹಾಕುವ ಕೆಲಸವೂ ಅವರದೇ. ಕಡಿಮೆ ಮಾತಿನ ಮನುಷ್ಯ. ಚೀಲ ತಂದಿಟ್ಟು, "ಬೆಚ್ಚಗ ಐತಿ ನೋಡು" ಎಂದು ಹೋಗುತ್ತಿದ್ದರು. ನನಗೂ ಒಳಗೊಳಗೆ ಹಿಗ್ಗು. ನೆಗೆಣ್ಣಿ ಗಂಗಕ್ಕನ ಗಂಡ, ಅಂದರೆ ನಮ್ಮ ಭಾವ, ಒಂದು ಲೋಟ ನೀರನ್ನೂ ತಾನಾಗಿ ತೆಗೆದುಕೊಂಡವರಲ್ಲ.

ಹೀಗೆ ಎರಡು ವರ್ಷ ಕಳೆದ ಮೇಲೆ, ಚಳಿಗಾಲದ ಒಂದು ಬೆಳಿಗ್ಗೆ ಇಳಿದು ಬಂದ ನೀರು ಅಕ್ಕಿ ತೊಳೆದ ನೀರಿನಂತಿತ್ತು. ನಮಗೆ ಕಲಿಸಿದ್ದ ಪರೀಕ್ಷೆ ಸರಳ. ಚೀಲದ ಕೆಳಗೆ ಪೇಪರ್ ಇಟ್ಟರೆ ಅಕ್ಷರ ಓದಲು ಬರಬೇಕು. ಇಟ್ಟು ನೋಡಿದೆ. ಅಕ್ಷರವಿರಲಿ, ಫೋಟೊ ಯಾವುದು ಎಂಬುದೂ ತಿಳಿಯಲಿಲ್ಲ. ಅಷ್ಟರಲ್ಲಿ ಹೊಟ್ಟೆಯೊಳಗೆ ಯಾರೋ ಒನಕೆಯಿಂದ ಕುಟ್ಟುವಂಥ ನೋವು ಶುರುವಾಯಿತು. ರೊಟ್ಟಿ ಹಿಟ್ಟು ನಾದಿಟ್ಟದ್ದು ಹಾಗೆಯೇ ಇತ್ತು. ಆ ಚೀಲವನ್ನೇ ಕೈಯಲ್ಲಿ ಹಿಡಿದುಕೊಂಡು ಆಟೊ ಹತ್ತಿದೆ.

ಕಾಯುವ ಕೋಣೆಯಲ್ಲಿ ಗೋಡೆಯ ಟೀವಿ ದನಿಯಿಲ್ಲದೆ ಅಡುಗೆ ಕಾರ್ಯಕ್ರಮ ತೋರಿಸುತ್ತಿತ್ತು. ಆ ಹೆಂಗಸು ಒಗ್ಗರಣೆಗೆ ಸಾಸಿವೆ ಸಿಡಿಯುವ ಮೊದಲೇ ಕರಿಬೇವು ಹಾಕಿದಳು. ನೋವಿನಲ್ಲಿ ಮಡಿಚಿಕೊಂಡಿದ್ದರೂ ಅವಳನ್ನು ಮನಸ್ಸಿನಲ್ಲೇ ಬೈದೆ. ಬೈದಷ್ಟು ಹೊತ್ತು ನೋವು ಸ್ವಲ್ಪ ಮರೆತಿತ್ತು. ಇದು ಯಾರಿಗಾದರೂ ಉಪಯೋಗಕ್ಕೆ ಬಂದೀತು ಎಂದು ಬರೆದಿದ್ದೇನೆ.

ಸಣ್ಣ ಡಾಕ್ಟರು ಚೀಲ ನೋಡಿದವರೇ ಸೋಂಕು ಎಂದರು. ಕೈಯ ಮಾತು ಮೊದಲು ತೆಗೆದವರು ಅವರೇ. ನಾನು ಹೇಗೆ ತೊಳೆಯುತ್ತೇನೆ ಎಂದು ಹೇಳತೊಡಗಿದರೆ, ಎಲ್ಲರೂ ಹೀಗೇ ಹೇಳುತ್ತಾರೆ ಎಂದು ನಕ್ಕರು. ಆಮೇಲೆ ಒಂದು ಫಾರ್ಮ್ ಹಿಡಿದು ಮನೆಯ ವಿಚಾರ ಕೇಳಿದರು. ಬೆಕ್ಕು ಇದೆಯೇ, ಕೋಣೆ ಯಾವ ಬಗೆಯದು, ಚೀಲವನ್ನು ಹೇಗೆ ಬೆಚ್ಚಗೆ ಮಾಡುತ್ತೀರಿ. ಕೊನೆಯ ಪ್ರಶ್ನೆಗೆ ನಮ್ಮ ಮನೆಯವರು ಉತ್ತರ ಕೊಟ್ಟರು.

"ಪ್ಯಾಡ್ ಮ್ಯಾಲೆ ಇಡತೇನ್ರಿ," ಅಂದರು.

ಅವರು ಹಾಗೆ ಹೇಳಿದಾಗ ನಾನು ಅವರ ಪಕ್ಕದಲ್ಲೇ ಮಲಗಿದ್ದೆ.

ಇಂಥ ಸೋಂಕಿಗೆ ಎಲ್ಲರಿಗೂ ಕೊಡುವ ದೊಡ್ಡ ಔಷಧವನ್ನು ಚೀಲದೊಳಗೆ ಸೇರಿಸಿ ಏರಿಸಿದರು. ಒಂದು ದಿನ, ಎರಡು ದಿನ, ಮೂರು ದಿನ ಕಳೆದರೂ ನೀರು ತಿಳಿಯಾಗಲಿಲ್ಲ. ಲ್ಯಾಬಿನಿಂದ ಬಂದ ಮೊದಲ ರಿಪೋರ್ಟು, ಬೆಳೆದದ್ದು ರೋಗದ ಕ್ರಿಮಿಯಲ್ಲ, ನೀರು ಹಿಡಿಯುವಾಗ ಕೈಯಿಂದ ಬಿದ್ದದ್ದಿರಬೇಕು ಎಂದಿತು. ಅಲ್ಲೂ ಮತ್ತೆ ಕೈ. ಐದನೆಯ ದಿನ ದೊಡ್ಡ ಡಾಕ್ಟರು ಹಾಸಿಗೆಯ ಬದಿಗೆ ನಿಂತು, ಇನ್ನೆರಡು ದಿನ ನೋಡೋಣ, ಕಡಿಮೆಯಾಗದಿದ್ದರೆ ಪೈಪು ತೆಗೆಯಬೇಕಾಗುತ್ತದೆ, ಹೊಟ್ಟೆಯೊಳಗೆ ಗಾಯದ ಕಲೆ ಕಟ್ಟಿದರೆ ತಿರುಗಿ ಹಾಕಲೂ ಬರುವುದಿಲ್ಲ ಎಂದು ಮೆಲ್ಲಗೆ ಹೇಳಿದರು. ಅವರು ಹೋದ ಮೇಲೆ ಗೋಡೆಗೆ ಮುಖ ಮಾಡಿ ಅತ್ತೆ. ಸಾವಿನ ಹೆದರಿಕೆಗಿಂತ ಒಲೆ ಹೋಗುತ್ತದೆ ಎಂಬ ಹೆದರಿಕೆಯೇ ದೊಡ್ಡದಾಗಿತ್ತು.

ಅಷ್ಟರಲ್ಲಿ ನನ್ನ ಒಲೆಯ ಮುಂದೆ ಗಂಗಕ್ಕ ನಿಂತಾಗಿತ್ತು. ಎರಡು ಓಣಿ ಆಚೆ ಅವಳ ಮನೆ. ಖಾನಾವಳಿ ಮುಚ್ಚಬಾರದೆಂದು ಅವಳೇ ಬಂದು ನಿಂತಳು, ಆ ಉಪಕಾರ ಇಲ್ಲವೆನ್ನಲಾರೆ. ಆದರೆ ಉಪಕಾರದ ಜೊತೆಗೆ ಬಾಯಿಯನ್ನೂ ತಂದಿದ್ದಳು. ಆಸ್ಪತ್ರೆಗೆ ಬಂದಾಗ ನನ್ನೆದುರಿಗೇ ನಮ್ಮ ಮನೆಯವರಿಗೆ, ಡಾಕ್ಟರ್ ಹೇಳಿದ್ದು ಸುಳ್ಳಿರಲಿಕ್ಕಿಲ್ಲ, ಇವಳು ಮೊದಲಿನಿಂದಲೂ ಅವಸರದವಳು, ಮನೆಯಲ್ಲಿ ರೋಗ ಇಟ್ಟುಕೊಂಡು ಹತ್ತು ಜನರಿಗೆ ಬಡಿಸುವವಳು ಕೈ ನೋಡಿಕೊಳ್ಳಬೇಡವೇ ಎಂದಳು. ಇದೇ ಮಾತನ್ನು ಅವಳು ಊಟಕ್ಕೆ ಬರುವವರಿಗೂ ಹೇಳುತ್ತಿದ್ದಳು ಎಂದು ಆಟೊದವನಿಂದ ತಿಳಿಯಿತು. ಇನ್ನು ಅಡುಗೆ ನನ್ನದೇ, ಆಕೆಯನ್ನು ಒಲೆಯ ಹತ್ತಿರ ಬಿಡುವುದಿಲ್ಲ, ಹೆದರಬೇಡಿ ಎಂದೂ ಸೇರಿಸುತ್ತಿದ್ದಳಂತೆ.

ನನ್ನ ಕಣ್ಣು ಇದ್ದದ್ದು ಗಂಗಕ್ಕನ ಮೇಲಲ್ಲ, ನಮ್ಮ ಮನೆಯವರ ಮೇಲೆ. ಒಂದು ಮಾತು ಹೇಳಲಿ ಎಂದು ಕಾದೆ. ಹಂಗ ಅನಬ್ಯಾಡ್ರಿ ವೈನಿ, ಆಕಿ ಕೈ ತೊಳೆಯೋದನ್ನ ನಾನು ದಿನಾ ನೋಡೇನಿ, ಎಂದರೆ ಸಾಕಾಗಿತ್ತು. ಅವರು ಕಿತ್ತಳೆ ಹಣ್ಣು ಸುಲಿಯುತ್ತ ಕುಳಿತರು. ಕಿಡ್ನಿ ಕೆಟ್ಟ ನನಗೆ ಡಾಕ್ಟರು ಕಿತ್ತಳೆ ತಿನ್ನಲು ಬಿಡುವುದಿಲ್ಲ ಎಂಬುದೂ ಅವರಿಗೆ ನೆನಪಿರಲಿಲ್ಲ.

ಆರನೆಯ ದಿನ ರಜೆ ಮುಗಿಸಿ ರೇಣುಕಾ ಸಿಸ್ಟರ್ ಬಂದರು. ಎರಡು ವರ್ಷದ ಹಿಂದೆ ನನಗೆ ಚೀಲ ಬದಲಿಸುವುದನ್ನು ಕಲಿಸಿದವರು ಅವರೇ. ಕಾಗದಪತ್ರ ಓದಿ ನನ್ನ ಹತ್ತಿರ ಬಂದು, ಒಂದು ಸಲ ನನ್ನೆದುರಿಗೆ ಕೈ ತೊಳೆದು ತೋರಿಸಿ ಎಂದರು. ಎದ್ದು ನಿಲ್ಲಲು ಆಗುತ್ತಿರಲಿಲ್ಲ, ಅವರೇ ಹಿಡಿದುಕೊಂಡು ಸಿಂಕಿನವರೆಗೆ ಕರೆದೊಯ್ದರು. ತೊಳೆದೆ. ಅವರು ಗಡಿಯಾರ ನೋಡುತ್ತ ನಿಂತರು. ಎರಡನೆಯ ಸಲ ನೀರನ್ನು ತಾವೇ ಹಿಡಿದು ಬೇರೆ ಲ್ಯಾಬಿಗೆ ಕಳಿಸಿದರು. ಎಂಟನೆಯ ದಿನ ಅಲ್ಲಿಂದಲೂ ಅದೇ ಕ್ರಿಮಿ ಬಂತು. ಸಣ್ಣ ಡಾಕ್ಟರು ರಿಪೋರ್ಟು ಹಿಡಿದು ನಿಂತಾಗ ಸಿಸ್ಟರ್ ಇಡೀ ವಾರ್ಡಿಗೆ ಕೇಳುವಂತೆ ಕೇಳಿದರು.

"ಈ ಸಲ ನೀರು ಹಿಡಿದಾಕಿ ನಾನ್ರೀ ಸರ್. ನನ್ನ ಕೈನೂ ಹೊಲಸು ಅಂತೀರೇನು?"

ಆ ಹೊತ್ತಿಗೆ ನನಗೆ ಆಸ್ಪತ್ರೆಯ ಎಲ್ಲ ಔಷಧಕ್ಕಿಂತ ಆ ಮಾತೇ ಹೆಚ್ಚು ಹತ್ತಿತು.

ಕ್ರಿಮಿಯ ಹೆಸರು ಲ್ಯೂಕೊನಾಸ್ಟಾಕ್. ದೊಡ್ಡ ಡಾಕ್ಟರು ತಮ್ಮ ಇಷ್ಟು ವರ್ಷದ ಕೆಲಸದಲ್ಲಿ ಇದನ್ನು ಹೊಟ್ಟೆಯ ನೀರಿನಲ್ಲಿ ಕಂಡಿರಲಿಲ್ಲವಂತೆ. ಮೊಸರಿನಲ್ಲಿ, ಮಜ್ಜಿಗೆಯಲ್ಲಿ, ಹುಳಿ ಬಂದ ಹಿಟ್ಟಿನಲ್ಲಿ ಇರುವಂಥದ್ದು. ನಾವೆಲ್ಲ ದಿನಾ ನುಂಗುತ್ತೇವೆ, ಏನೂ ಆಗುವುದಿಲ್ಲ. ಇರಬಾರದ ಜಾಗಕ್ಕೆ ಹೋದರೆ ಮಾತ್ರ ಹೀಗೆ. ನನಗೆ ಕೊಡುತ್ತಿದ್ದ ದೊಡ್ಡ ಔಷಧ ಇದಕ್ಕೆ ಹುಟ್ಟಿನಿಂದಲೇ ನಾಟುವುದಿಲ್ಲ, ಹಳೆಯ ಕಾಲದ ಸಾದಾ ಔಷಧವೇ ಸಾಕು ಎಂದು ಅಂದೇ ಔಷಧ ಬದಲಿಸಿದರು. ಇಷ್ಟು ಹೇಳಿ ಅವರು ಹೋದ ಮೇಲೆ ರೇಣುಕಾ ಸಿಸ್ಟರ್ ಸ್ಟೂಲು ಎಳೆದುಕೊಂಡು ಕುಳಿತು, ನಿಮ್ಮ ಚೀಲದ ಹತ್ತಿರ ಮೊಸರು ಹೇಗೆ ಬಂತು ಎಂದು ನಮ್ಮಿಬ್ಬರನ್ನೂ ಕೇಳಿದರು. ನಾನು ಯೋಚಿಸಿದೆ. ಮೊಸರು ಬಡಿಸಿದ ಕೈಯಿಂದ ನಾನು ಚೀಲ ಮುಟ್ಟಿದ್ದೇ ಇಲ್ಲ. ನಮ್ಮ ಮನೆಯವರು ನೆಲ ನೋಡುತ್ತ ಕುಳಿತಿದ್ದರು. ಅವರ ಕಿವಿ ಕೆಂಪಾಗಿತ್ತು. ಮದುವೆಯಾಗಿ ಇಪ್ಪತ್ತೆಂಟು ವರ್ಷ, ಆ ಕಿವಿ ಯಾವಾಗ ಕೆಂಪಾಗುತ್ತದೆ ಎಂಬುದು ನನಗೆ ಗೊತ್ತು.

"ಏನ್ ಮಾಡೀರಿ?" ಅಂದೆ.

"ಪ್ಯಾಡ್ ಸುಟ್ಟಿತ್ತು," ಅಂದರು. "ಮೊಸರಿನ ಪೆಟಗ್ಯಾಗ ಇಡತಿದ್ದೆ."

ಆ ಪೆಟ್ಟಿಗೆ ಏನೆಂದು ಓದುವವರಿಗೆ ತಿಳಿಯಬೇಕು. ಖಾನಾವಳಿಯ ಮೊಸರು ಚಳಿಯಲ್ಲಿ ಹೆಪ್ಪುಗಟ್ಟುವುದಿಲ್ಲ. ಅದಕ್ಕೆ ನಮ್ಮಲ್ಲೊಂದು ದೊಡ್ಡ ಕಟ್ಟಿಗೆಯ ಪೆಟ್ಟಿಗೆ ಇದೆ. ಸಂಜೆ ಕಾಯಿಸಿದ ಹಾಲಿಗೆ ಹೆಪ್ಪು ಹಾಕಿ, ಗಡಿಗೆಗಳನ್ನು ಅದರಲ್ಲಿಟ್ಟು, ಹಳೆಯ ಸೀರೆ ಹೊಲಿದ ಕೌದಿ ಹೊದಿಸಿ ಮುಚ್ಚಿದರೆ ಬೆಳಗಿನವರೆಗೂ ಒಳಗೆ ಬೆಚ್ಚಗಿರುತ್ತದೆ. ಕರೆಂಟು ಬೇಡ, ಖರ್ಚಿಲ್ಲ. ಪ್ಯಾಡ್ ಕೆಟ್ಟಾಗ ನಮ್ಮ ಮನೆಯವರಿಗೆ ಈ ಬುದ್ಧಿ ಹೊಳೆಯಿತು. ಹೊರಗಿನ ಪ್ಲಾಸ್ಟಿಕ್ ಕವರ್ ಇದ್ದರೆ ಬೇಗ ಬಿಸಿಯಾಗದು ಎಂದು ಅದನ್ನೂ ಹರಿದು, ಗಡಿಗೆಗಳ ನಡುವೆ ಚೀಲ ತುರುಕಿ, ಮೊಸರು ತುಳುಕಿ ತುಳುಕಿ ಹುಳಿಯಾಗಿದ್ದ ಆ ಕೌದಿಯನ್ನು ಹೊದಿಸುತ್ತಿದ್ದರು. ಬೆಳಿಗ್ಗೆ ಬಟ್ಟೆಯಿಂದ ಒರೆಸಿ ನನಗೆ ತಂದುಕೊಡುತ್ತಿದ್ದರು. ತೊಳೆದ ಕೈಯಿಂದ ನಾನು ಅದನ್ನೇ ಹಿಡಿದು ಪೈಪಿಗೆ ಜೋಡಿಸುತ್ತಿದ್ದೆ. ಇದೇ ದಾರಿ ಎಂದು ಆಣೆ ಮಾಡಿ ಹೇಳಲಾಗದು, ಆದರೆ ಬೇರೆ ದಾರಿ ಕಾಣುವುದಿಲ್ಲ ಎಂದರು ಸಿಸ್ಟರ್. ಕವರನ್ನು ಚೀಲ ಏರಿಸುವ ಹೊತ್ತಿಗೇ ಬಿಚ್ಚಬೇಕೆಂದು ನನಗೂ ಕಲಿಸಿದ್ದರು. ಬಿಚ್ಚಿದ ಚೀಲ ಯಾಕೆ ತಂದಿರಿ ಎಂದು ನಾನು ಒಮ್ಮೆಯೂ ಕೇಳಲಿಲ್ಲ. ಗಂಡ ಕೈಗೆ ತಂದುಕೊಡುತ್ತಾನೆಂಬ ಹಿಗ್ಗಿನಲ್ಲಿ ಕಣ್ಣು ಮುಚ್ಚಿತ್ತು. ಅಷ್ಟು ತಪ್ಪು ನನ್ನದು, ಬರೆದಿದ್ದೇನೆ.

ನೀನು ನಡುಗುವುದನ್ನು ನೋಡಲಾಗಲಿಲ್ಲ, ಅದಕ್ಕೇ ಹೀಗೆ ಮಾಡಿದೆ ಎಂದರು ಅವರು. ಆ ಮಾತನ್ನು ನಾನು ನಂಬುತ್ತೇನೆ. ಪೆಟ್ಟಿಗೆಯಲ್ಲಿ ಇಟ್ಟದ್ದಕ್ಕೆ ನನಗೆ ಅವರ ಮೇಲೆ ಸಿಟ್ಟಿಲ್ಲ. ಆದರೆ ಮೊದಲ ದಿನ ಡಾಕ್ಟರು ಕೇಳಿದಾಗ ಪ್ಯಾಡ್ ಎಂದು ಸುಳ್ಳು ಹೇಳಿದವರಿಗೆ, ಎಲ್ಲಿ ತಪ್ಪಿದೆ ಎಂಬ ಗುಮಾನಿ ಆಗಲೇ ಇತ್ತು. ಆ ಏಳು ದಿನ ನನ್ನ ಹೊಟ್ಟೆಗೆ ನಾಟದ ಔಷಧ ಹೋಗುತ್ತಿತ್ತು. ಪೈಪು ತೆಗೆಯುವ ಮಾತು ಬಂತು. ಊರೆಲ್ಲ ನನ್ನ ಕೈಗೆ ಉಗುಳಿತು. ಅವರು ಕಿತ್ತಳೆ ಸುಲಿದರು. ಈ ಒಂದನ್ನು ನಾನು ಬಿಡಲು ತಯಾರಿರಲಿಲ್ಲ.

ಹೊಸ ಔಷಧ ಶುರುವಾದ ಮೂರನೆಯ ದಿನ ಚೀಲದ ಕೆಳಗಿಟ್ಟ ಪೇಪರಿನ ದೊಡ್ಡ ಅಕ್ಷರ ಕಂಡಿತು. ಹದಿಮೂರನೆಯ ದಿನ ಶ್ರದ್ಧಾಂಜಲಿ ಜಾಹೀರಾತಿನ ಸಣ್ಣ ಅಕ್ಷರಗಳನ್ನೂ ಓದಿದೆ. ಯಾರೋ ಪುಣ್ಯಾತ್ಮರು, ಅವರ ಮಕ್ಕಳು ಮೊಮ್ಮಕ್ಕಳ ಹೆಸರನ್ನೆಲ್ಲ ಗಟ್ಟಿಯಾಗಿ ಓದಿದೆ, ರೇಣುಕಾ ಸಿಸ್ಟರ್ ನಕ್ಕರು. ಪೈಪು ಉಳಿಯಿತು. ಹದಿನೇಳನೆಯ ದಿನ ಮನೆಗೆ ಬಂದೆ.

ಪೈಪು ಉಳಿದರೂ ಒಲೆ ಉಳಿದಿರಲಿಲ್ಲ. ಗಂಗಕ್ಕ ದಿನಾ ಬರುತ್ತಲೇ ಇದ್ದಳು. ನಾನು ಸೌಟು ಹಿಡಿದರೆ ಕೈಯಿಂದ ತೆಗೆದುಕೊಂಡು ನೀನು ಕೂತುಕೋ ಎನ್ನುತ್ತಿದ್ದಳು. ತಾರಿಹಾಳದ ಒಂದು ಕಾರ್ಖಾನೆಯವರು ಡಬ್ಬಿ ನಿಲ್ಲಿಸಿದ್ದರು. ಊಟಕ್ಕೆ ಬಂದವರು ನಾನು ಬಾಗಿಲಲ್ಲಿ ಕಂಡರೆ ತಟ್ಟೆಯತ್ತ ಬಗ್ಗಿ ನೋಡುತ್ತಿದ್ದರು. ನಿಜ ಹೇಳಿ ಎಂದು ನಮ್ಮ ಮನೆಯವರಿಗೆ ಮೂರು ಸಲ ಹೇಳಿದೆ. ಮುಗಿದು ಹೋದದ್ದು, ಈಗ ಯಾಕೆ ಕೆದಕುವುದು, ನಾಲ್ಕು ದಿನ ಹೋದರೆ ಜನ ಮರೆಯುತ್ತಾರೆ ಎಂದರು. ಮೂರನೆಯ ಸಲದ ನಂತರ ನಾನು ಕೇಳುವುದನ್ನು ಬಿಟ್ಟೆ. ಅವರು ನಾನು ತಣ್ಣಗಾದೆ ಎಂದುಕೊಂಡರು.

ಗಂಗಕ್ಕನ ಮಗಳ ಕೂಸಿನ ತೊಟ್ಟಿಲು ಕಾರ್ಯ ಬಂತು. ಒಳಗೆ ಹೆಣ್ಣುಮಕ್ಕಳು, ಹೊರಗೆ ಪೆಂಡಾಲಿನಲ್ಲಿ ಗಂಡಸರು. ಹಾಡು ಹೇಳಲೆಂದು ತಂದ ಮೈಕು ಒಳಗಿತ್ತು, ಅದರ ಸ್ಪೀಕರ್ ಹೊರಗಿತ್ತು. ಹೆಸರಿಟ್ಟ ಮೇಲೆ ನಮ್ಮ ಕಡೆಯ ಪದ್ಧತಿಯಂತೆ ಒಡಪು ಶುರುವಾಯಿತು. ಉಳಿದ ದಿನ ಗಂಡನ ಹೆಸರು ಬಾಯಿಬಿಟ್ಟು ಹೇಳದವರು ಆ ದಿನ ಪ್ರಾಸ ಕಟ್ಟಿ ಹೇಳಬೇಕು. ಹಾಲು, ಬೆಣ್ಣೆ, ಮಲ್ಲಿಗೆ ಎಂದು ಎಲ್ಲರದ್ದೂ ನಡೆಯಿತು. ನನ್ನ ಸರದಿ ಬಂದಾಗ ಗಂಗಕ್ಕ, ಪಾಪ ಇನ್ನೂ ಸುಸ್ತು ಇದೆ, ಬಿಡಿ ಅವಳನ್ನು ಎಂದಳು. ನಾನು ಮೈಕು ತೆಗೆದುಕೊಂಡೆ. ಹನ್ನೊಂದು ದಿನದಿಂದ ಕಟ್ಟಿಟ್ಟುಕೊಂಡಿದ್ದೆ.

"ಮೊಸರಿನ ಗಡಿಗಿಗೆ ಬೆಚ್ಚಗ ಹೊದಿಸ್ಯಾರ ಕೌದಿ,
ಅದರಾಗ ನನ್ನ ಚೀಲಾ ಇಟ್ಟು ರೋಗಕ್ಕ ತೋರಿಸ್ಯಾರ ಹಾದಿ,
ನನ್ನ ಕೈ ಹೊಲಸಂತ ಊರ ಅಂದರೂ ಬಾಯಿ ಬಿಡಲಿಲ್ಲಪ್ಪ,
ಮುತ್ತಿನಂಥಾ ನನ್ನ ಗಂಡನ ಹೆಸರು ಚನ್ನಬಸಪ್ಪ."

ಒಡಪು ಮುಗಿದಾಗ ಎಲ್ಲರೂ ನಗುವುದು ರೂಢಿ. ಇಬ್ಬರು ನಗಲು ಬಾಯಿ ತೆರೆದು ಹಾಗೇ ನಿಂತರು. ಮುದುಕಿಯೊಬ್ಬರು ಇದರ ಅರ್ಥ ಏನು ಎಂದು ಕೇಳಿದರು. ನಾನು ಅರ್ಥವನ್ನೂ ಹೇಳಿದೆ, ಕ್ರಿಮಿಯ ಹೆಸರಿನ ಸಮೇತ, ಮೈಕು ಕೆಳಗಿಡದೆ. ಗಂಗಕ್ಕನ ಮುಖ ಬಣ್ಣಗೆಟ್ಟಿತು. ಅವಳು ಏನೋ ಹೇಳಲು ಹೊರಟು, ಕೂಸು ಅಳುತ್ತಿದೆ ಎಂದು ಎದ್ದು ಹೋದಳು. ಕೂಸು ಅಳುತ್ತಿರಲಿಲ್ಲ. ಮರುದಿನದಿಂದ ಅವಳು ನನ್ನ ಅಡುಗೆಮನೆಗೆ ಬರಲಿಲ್ಲ.

ಕಾರ್ಯ ಮುಗಿಸಿ ನಮ್ಮ ಮನೆಯವರು ನನ್ನನ್ನು ಸ್ಕೂಟರಿನಲ್ಲಿ ಮನೆಗೆ ಕರೆತಂದರು. ಅಂಗಳದಲ್ಲಿ ಗಾಡಿ ನಿಲ್ಲಿಸಿ ಬೆನ್ನು ತಿರುಗಿಸಿಯೇ ಕೇಳಿದರು.

"ಸಮಾಧಾನ ಆತೇನು ನಿನಗ?"

"ಅರ್ಧ ಆತ್ರಿ," ಅಂದೆ. "ಇನ್ನರ್ಧ ನಿಮ್ಮ ಬಾಯಿಂದ ಬರಬೇಕು."

ಎರಡು ದಿನ ಅವರು ಉಂಡದ್ದು ಅಷ್ಟಕ್ಕಷ್ಟೇ. ಮೂರನೆಯ ದಿನ ಮಧ್ಯಾಹ್ನ ಆರೂ ಟೇಬಲ್ಲು ತುಂಬಿದ್ದವು, ಒಡಪಿನ ಸುದ್ದಿ ಕೇಳಿ ನೋಡಲೆಂದು ಬಂದವರೂ ಇದ್ದರು. ನಮ್ಮ ಮನೆಯವರು ರೊಟ್ಟಿಯ ಬುಟ್ಟಿ ಹಿಡಿದು ಕೋಣೆಯ ನಡುವೆ ನಿಂತರು. ನಾನು ಅಡುಗೆಮನೆಯ ಬಾಗಿಲಲ್ಲಿದ್ದೆ.

"ತಪ್ಪು ನಂದ್ರಿ," ಅಂದರು. "ಆಕಿ ಕೈ ಸ್ವಚ್ಛ ಅದಾವು. ಚೀಲಾ ಹೊಲಸು ಮಾಡಿದಾಂವ ನಾನು."

ಮೂಲೆಯ ಟೇಬಲ್ಲಿನಲ್ಲಿ ಹನ್ನೆರಡು ವರ್ಷದಿಂದ ನಮ್ಮಲ್ಲೇ ಉಣ್ಣುವ ಮಾಸ್ತರರೊಬ್ಬರು ರೊಟ್ಟಿ ಮುರಿಯುತ್ತ, ತಲೆಯೆತ್ತದೆ ಕೇಳಿದರು.

"ಮತ್ತ ಇಷ್ಟು ದಿನಾ ಯಾಕ ಸುಮ್ಮನಿದ್ರಿ?"

ನಮ್ಮ ಮನೆಯವರು ಬುಟ್ಟಿಯನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಿಸಿದರು. ಕೊನೆಗೆ ಬಾಗಿಲ ಕಡೆ ತಿರುಗಿ ನನ್ನನ್ನು ನೋಡಿದರು. ಪಲ್ಯ ಮುಗಿದಿದೆ, ಒಳಗೆ ಬನ್ನಿ, ಎಂದು ನಾನು ಒಂದು ಮಾತು ಕೂಗಿದ್ದರೆ ಅವರು ಪಾರಾಗುತ್ತಿದ್ದರು. ನಾನು ಕರೆಯಲಿಲ್ಲ.